ಕೇಳಿ ನೋಡಿ: ಪಿಂಕ್ ಫ್ಲಾಯ್ಡ್ ಮತ್ತು ಗಡಿಯಾರಗಳ ಕೋಣೆ

ಕಳೆದ ಸಂಚಿಕೆಯಲ್ಲಿ ಲಂಡನ್ನಿನ ಪಿಂಕ್ ಫ್ಲಾಯ್ಡ್ ತಂಡದ ಹೆಸರನ್ನು ಮಾತಿನ ನಡುವೆ ಒಮ್ಮೆ ಎತ್ತಿದ್ದೆ, ಅಷ್ಟೇ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ಬಗ್ಗೆಯೇ ಇವೆ. ಕೆಲವರಿಗೆ ಪ್ರೀತಿ ಉಕ್ಕಿದೆ, ಕೆಲವರಿಗೆ ಸಿಟ್ಟು ಬಂದಿದೆ. ನನಗೆ ಎರಡೂ ಸಂತೋಷವೇ. ಹಾಗಾಗಿ ಈ ಪುಟಗಳನ್ನು ಪೂರ್ತಿಯಾಗಿ ಆ ತಂಡಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಹದಿನೇಳು ವರ್ಷದ ಮಗಳು ತ್ರಿಕೋನ ಮತ್ತು ಕಾಮನಬಿಲ್ಲಿನ ಚಿತ್ರವಿರುವ ಕಪ್ಪು ಅಂಗಿ ತೊಟ್ಟು ತಿರುಗುತ್ತಾಳೆ. ಸಂಜೆಯಾದರೆ ಅದೇ ತಂಡದ ಹಾಡು. ಮೊನ್ನೆ ಇದ್ದಕ್ಕಿದ್ದಂತೆ ಹತ್ತಾರು ಗಡಿಯಾರಗಳು ಒಟ್ಟಿಗೇ ಬಡಿದುಕೊಂಡು ನಾನು ಬೆಚ್ಚಿಬಿದ್ದೆ. ಇದನ್ನು ಸಂಗೀತ ಎನ್ನುವುದು ಹೇಗೆ?

ಉತ್ತರ: ನೀವು ಬೆಚ್ಚಿಬೀಳಬೇಕೆಂದೇ ಆ ಗಡಿಯಾರಗಳನ್ನು ಅಲ್ಲಿ ಇಟ್ಟಿದ್ದಾರೆ. ಮಗಳ ಅಂಗಿಯ ಮೇಲಿರುವುದು 1973ರ ಮಾರ್ಚ್‌ನಲ್ಲಿ ಬಂದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಂನ ಹೊದಿಕೆಯ ಚಿತ್ರ. ನೀವು ಕೇಳಿದ್ದು ಅದರಲ್ಲಿನ 'ಟೈಮ್'. ಧ್ವನಿಮುದ್ರಣ ಎಂಜಿನಿಯರ್ ಆ್ಯಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದನ್ನೂ ಬೇರೆ ಬೇರೆಯಾಗಿ ಮುದ್ರಿಸಿಕೊಂಡಿದ್ದರು. ನಾಲ್ಕು ದಿಕ್ಕಿನ ಸ್ಪೀಕರ್‌ಗಳ ಪ್ರಯೋಗವೊಂದಕ್ಕಾಗಿ ಮಾಡಿದ ಆ ಕೆಲಸ ಈ ಹಾಡಿಗೆ ಒದಗಿಬಂತು. ಅವೆಲ್ಲವೂ ಒಂದೇ ಕ್ಷಣಕ್ಕೆ ಬಡಿಯುವಂತೆ ಟೇಪುಗಳನ್ನು ಹೊಂದಿಸಿದರು. ಆಗ ಕಂಪ್ಯೂಟರ್ ಇರಲಿಲ್ಲ. ಎಲ್ಲವೂ ಕಣ್ಣಳತೆ, ಕೈಯಳತೆ.

ನಾನು ಮೂವತ್ತು ವರ್ಷ ಧ್ವನಿಮುದ್ರಣವನ್ನೇ ವೃತ್ತಿಯಾಗಿ ಮಾಡಿದವಳು. ಕೆಲಸ ಕಲಿತದ್ದು ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು, ತುದಿಗೆ ತುದಿ ಕೂಡಿಸಿ ಅಂಟಿಸುತ್ತ. ಸೆಕೆಂಡಿಗೆ ಹದಿನೈದು ಇಂಚು ಓಡುವ ಟೇಪಿನಲ್ಲಿ ಅರ್ಧ ಇಂಚು ಹೆಚ್ಚುಕಡಿಮೆಯಾದರೂ ತಾಳ ಕುಂಟುತ್ತದೆ. ಅದಕ್ಕೇ ಇದೇ ಆಲ್ಬಂನ 'ಮನಿ' ಹಾಡಿನ ಆರಂಭ ಕೇಳಿದಾಗೆಲ್ಲ ನನ್ನ ಬೆರಳುಗಳು ತಾವಾಗಿಯೇ ಬಿಗಿಯಾಗುತ್ತವೆ. ತಂಡದ ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ತಮ್ಮ ಹೆಂಡತಿ ಮಡಕೆ ಕೆಲಸಕ್ಕೆ ಬಳಸುತ್ತಿದ್ದ ಬೋಗುಣಿಯೊಳಗೆ ನಾಣ್ಯಗಳನ್ನು ಎಸೆದು ಸದ್ದು ಮುದ್ರಿಸಿದರು. ಕಾಗದ ಹರಿಯುವ ಸದ್ದು, ಅಂಗಡಿಯ ನಗದು ಯಂತ್ರದ ಸದ್ದು ಅದರ ಜೊತೆಗೂಡಿದವು. ಒಂದೊಂದು ಸದ್ದಿನ ಟೇಪನ್ನೂ ಅಳತೆಪಟ್ಟಿ ಇಟ್ಟು ಒಂದೇ ಉದ್ದಕ್ಕೆ ಕತ್ತರಿಸಿ, ಏಳನ್ನು ಬಳೆಯಂತೆ ಜೋಡಿಸಿ ತಿರುಗಿಸಿದರು. ಏಳು ತುಂಡು, ಏಳು ಮಾತ್ರೆ. ಮಿಶ್ರಚಾಪು ಗೊತ್ತಿರುವವರು ತೊಡೆ ತಟ್ಟಿ ನೋಡಲಿ, ಕೈ ತಾನಾಗಿಯೇ ಕೂಡಿಕೊಳ್ಳುತ್ತದೆ. ಗಿಟಾರಿನ ಸರದಿ ಬಂದಾಗ ಮಾತ್ರ ತಾಳ ನಾಲ್ಕಕ್ಕೆ ಹೊರಳಿ, ಮುಗಿದ ಮೇಲೆ ಮತ್ತೆ ಏಳಕ್ಕೆ ಮರಳುತ್ತದೆ.

'ಟೈಮ್'ಗೆ ಬರೋಣ. ಗಡಿಯಾರಗಳು ನಿಂತ ಮೇಲೆ ತಕ್ಷಣ ಹಾಡು ಶುರುವಾಗುವುದಿಲ್ಲ. ಸುಮಾರು ಎರಡು ನಿಮಿಷ ಹೊತ್ತು ನಿಕ್ ಮೇಸನ್ ಅವರ ಡ್ರಮ್‌ಗಳು ಟಕ್ ಟಕ್ ಎನ್ನುವ ಬಡಿತದ ಮೇಲೆ ದೂರದಲ್ಲಿ ಉರುಳುತ್ತಿರುತ್ತವೆ. ಆಮೇಲೆ ಬರುವ ಮಾತುಗಳು ಮಗಳಿಗಿಂತ ನಿಮಗೇ ಹೆಚ್ಚು ತಟ್ಟಬಹುದು. ಬದುಕು ಮುಂದೆಲ್ಲೋ ಶುರುವಾಗುತ್ತದೆ ಎಂದು ಕಾಯುತ್ತ ಕುಳಿತವನಿಗೆ, ಅದು ಆಗಲೇ ನಡೆದುಹೋಗುತ್ತಿದೆ ಎಂದು ಹೊಳೆಯುವ ಗಳಿಗೆಯ ಹಾಡು ಅದು. ಮಗಳ ಪಕ್ಕದಲ್ಲಿ, ಎರಡು ಸ್ಪೀಕರ್‌ಗಳ ನಡುವೆ ಕುಳಿತು ಒಮ್ಮೆ ಪೂರ್ತಿ ಕೇಳಿ. ಆಲ್ಬಂ ಹೃದಯದ ಬಡಿತದಿಂದ ಶುರುವಾಗಿ ಹೃದಯದ ಬಡಿತದಲ್ಲೇ ಮುಗಿಯುತ್ತದೆ. ನಲವತ್ತಮೂರು ನಿಮಿಷ, ಅಷ್ಟೇ.

ಪ್ರಶ್ನೆ: ಪಿಂಕ್ ಫ್ಲಾಯ್ಡ್ ಎಂದರೆ ಯಾರು? ತಂಡದಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲವಂತೆ.

ಉತ್ತರ: ಇರಲಿಲ್ಲ. ಪಿಂಕ್ ಆ್ಯಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಅಮೆರಿಕದ ಇಬ್ಬರು ಕಪ್ಪು ಬ್ಲೂಸ್ ಹಾಡುಗಾರರು. ಅವರ ಮೊದಲ ಹೆಸರುಗಳನ್ನು ಕೂಡಿಸಿ 1965ರಲ್ಲಿ ಗಿಟಾರ್ ನುಡಿಸಿ ಹಾಡುತ್ತಿದ್ದ ಸಿಡ್ ಬ್ಯಾರೆಟ್ ತಮ್ಮ ತಂಡಕ್ಕಿಟ್ಟರು. ಆ ಇಬ್ಬರನ್ನೂ ಹುಡುಕಿ ಕೇಳಿ. ಹೆಸರು ಕೊಟ್ಟವರ ಹಾಡು ಕೇಳುವುದು ನಮ್ಮ ಕರ್ತವ್ಯ ಎಂದು ನಾನು ತಿಳಿದಿದ್ದೇನೆ.

ಪ್ರಶ್ನೆ: ಸೈಕೆಡೆಲಿಕ್ ಸಂಗೀತವೆಂದರೆ ಮಾದಕ ವಸ್ತು ಸೇವಿಸಿದವರು ಸೇವಿಸಿದವರಿಗಾಗಿ ಮಾಡಿದ ಸಂಗೀತ. ಅದನ್ನು ಪತ್ರಿಕೆಯಲ್ಲಿ ಹೊಗಳುವುದು ಎಷ್ಟು ಸರಿ? (ಒಬ್ಬ ಶಿಕ್ಷಕರು)

ಉತ್ತರ: ನಿಮ್ಮ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಿಡ್ ಬ್ಯಾರೆಟ್ ಎಲ್‌ಎಸ್‌ಡಿ ಸೇವಿಸುತ್ತಿದ್ದರು, ಅತಿಯಾಗಿಯೇ ಸೇವಿಸುತ್ತಿದ್ದರು. 1967ರ ಕೊನೆಯ ಹೊತ್ತಿಗೆ ಅವರು ವೇದಿಕೆಯ ಮೇಲೆ ಗಿಟಾರಿನ ತಂತಿಗಳನ್ನು ಸಡಿಲಿಸುತ್ತ ನಿಂತುಬಿಡುತ್ತಿದ್ದರು. 1968ರ ಏಪ್ರಿಲ್‌ನಲ್ಲಿ ತಂಡ ಅವರಿಲ್ಲದೆ ಮುಂದುವರಿಯುವುದಾಗಿ ಪ್ರಕಟಿಸಿದಾಗ ಅವರ ವಯಸ್ಸು ಇಪ್ಪತ್ತೆರಡು. ಈ ಸಂಗೀತವನ್ನು ಪ್ರೀತಿಸುವವರು ಮೊದಲು ಆ ನಷ್ಟವನ್ನು ಕಣ್ಣಿಟ್ಟು ನೋಡಬೇಕು. ಅದರಲ್ಲಿ ಹೊಗಳುವಂಥದ್ದು ಏನೂ ಇಲ್ಲ.

ಆದರೆ ಆ ಹಾಡುಗಳನ್ನು ಬರೆದದ್ದು ಮಾದಕ ವಸ್ತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ತೆಗೆದುಕೊಂಡವರು ಆಗ ಬೇಕಾದಷ್ಟು ಜನ ಇದ್ದರು, 'ಬೈಕ್' ಎಂಬ ಹಾಡು ಬರೆದವರು ಬ್ಯಾರೆಟ್ ಒಬ್ಬರೇ.

ಬ್ಯಾರೆಟ್ ಕೇಂಬ್ರಿಜ್‌ನ ಹುಡುಗ, ಲಂಡನ್ನಿಗೆ ಬಂದದ್ದು ಚಿತ್ರಕಲೆ ಕಲಿಯಲು. ವಾಟರ್ಸ್, ಮೇಸನ್ ಮತ್ತು ಕೀಬೋರ್ಡ್ ನುಡಿಸುವ ರಿಚರ್ಡ್ ರೈಟ್ ಪರಿಚಯವಾದದ್ದು ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನ ವಾಸ್ತುಶಿಲ್ಪ ತರಗತಿಯಲ್ಲಿ. ಒಬ್ಬ ಚಿತ್ರಕಾರ, ಮೂವರು ಕಟ್ಟಡದ ನಕ್ಷೆ ಬಿಡಿಸುವ ವಿದ್ಯಾರ್ಥಿಗಳು. ಈ ತಂಡದ ಸಂಗೀತ ಅರ್ಥವಾಗಲು ನನಗೆ ಬೇರೆ ಯಾವ ಕೀಲಿಕೈಯೂ ಬೇಕಾಗಿಲ್ಲ. ಅವರು ರಾಗ ಕಟ್ಟುವುದಕ್ಕಿಂತ ಮೊದಲು ಜಾಗ ಕಟ್ಟುತ್ತಾರೆ.

1966ರ ಡಿಸೆಂಬರ್‌ನಿಂದ ಟಾಟೆನ್‌ಹ್ಯಾಮ್ ಕೋರ್ಟ್ ರೋಡಿನ ಒಂದು ನೆಲಮಾಳಿಗೆಯಲ್ಲಿ ಯುಎಫ್‌ಒ ಎಂಬ ಕ್ಲಬ್ ನಡೆಯಿತು. ಅಲ್ಲಿ ಇವರು ನುಡಿಸುವಾಗ ಎರಡು ಗಾಜಿನ ಸ್ಲೈಡ್‌ಗಳ ನಡುವೆ ಬಣ್ಣದ ದ್ರವ ಹಾಕಿ ಅದರ ಮೂಲಕ ದೀಪ ಬಿಡುತ್ತಿದ್ದರು. ಶಾಖಕ್ಕೆ ಬಣ್ಣ ಗುಳ್ಳೆಯೆದ್ದು, ಹಬ್ಬಿ, ಒಡೆದು ವಾದಕರ ಮೈಮೇಲೆ ಹರಿದಾಡುತ್ತಿತ್ತು. ಬ್ಯಾರೆಟ್ ತಮ್ಮ ಗಿಟಾರಿಗೆ ದುಂಡನೆಯ ಕನ್ನಡಿಗಳನ್ನು ಅಂಟಿಸಿಕೊಂಡಿದ್ದರು, ಬೆಳಕು ಅದರಿಂದ ಸಿಡಿದು ಜನರ ಮೇಲೆ ಬೀಳುತ್ತಿತ್ತು. ಸಿಗರೇಟು ಹಚ್ಚುವ ಲೋಹದ ಲೈಟರನ್ನು ತಂತಿಗಳ ಮೇಲೆ ಜಾರಿಸಿ, ಇಟಲಿಯ ಬಿನ್ಸನ್ ಪ್ರತಿಧ್ವನಿ ಯಂತ್ರಕ್ಕೆ ಅದನ್ನು ಉಣಿಸುತ್ತಿದ್ದರು.

ಆದರೂ ಅವರ ಹಾಡುಗಳೊಳಗೆ ಇರುವುದೇನು? ಬೆದರುಬೊಂಬೆ, ಬೆಕ್ಕು, ಕುಳ್ಳ ಭೂತ, ಒಂದು ಇಲಿ. ಮೊದಲ ಹಾಡು 'ಆರ್ನಾಲ್ಡ್ ಲೇನ್' ಹಗ್ಗಕ್ಕೆ ಹಾಕಿದ ಹೆಂಗಸರ ಬಟ್ಟೆ ಕದಿಯುವ ಒಬ್ಬನ ಕಥೆ. 1967ರ ಆಗಸ್ಟ್‌ನಲ್ಲಿ ಬಂದ ಮೊದಲ ಆಲ್ಬಂಗೆ ಇಟ್ಟ ಹೆಸರು 'ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್', ಮಕ್ಕಳ ಪುಸ್ತಕವೊಂದರ ಅಧ್ಯಾಯದ ಶೀರ್ಷಿಕೆ. ಅದರಲ್ಲೂ ಕೊನೆಯ ಹಾಡು 'ಬೈಕ್' ನೋಡಿ. ತನ್ನ ಸೈಕಲ್ಲು, ಮೇಲಂಗಿ, ಇಲಿ ಎಲ್ಲವನ್ನೂ ಹುಡುಗಿಗೆ ತೋರಿಸುತ್ತ ಹೋಗುವ ಹುಡುಗ ಕೊನೆಗೆ ಅವಳನ್ನು ಸಂಗೀತ ತುಂಬಿದ ಒಂದು ಕೋಣೆಗೆ ಕರೆಯುತ್ತಾನೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಗಡಿಯಾರಗಳು, ಗಂಟೆಗಳು, ಜಾಗಟೆ, ಕೀಲಿಕೊಟ್ಟ ಆಟಿಕೆಯಂಥ ಸದ್ದುಗಳು ಎಲ್ಲ ಕಡೆಯಿಂದ ಮುತ್ತಿಕೊಳ್ಳುತ್ತವೆ.

ಆರು ವರ್ಷಗಳ ಬಳಿಕ 'ಟೈಮ್'ನಲ್ಲಿ ಗಡಿಯಾರಗಳು ಬಡಿದಾಗ ನನಗೆ ಕೇಳಿಸುವುದು ಇದೇ ಕೋಣೆ. ಬಾಗಿಲು ತೆರೆದವರು ಹೊರಟುಹೋಗಿದ್ದರು, ಉಳಿದವರು ಒಳಗೇ ಇದ್ದರು. ಇದು ನನ್ನ ಓದು. ತಂಡದವರು ಹೀಗೆ ಹೇಳಿದ್ದಾರೆಂದು ನಾನು ಹೇಳುತ್ತಿಲ್ಲ. ಆದರೆ 'ಬೈಕ್' ಕೇಳಿ ಕೂಡಲೇ 'ಟೈಮ್' ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಮಾಸ್ತರರೇ, ನಿಮ್ಮ ವಿದ್ಯಾರ್ಥಿಗಳಿಗೆ ಈ ಎರಡನ್ನೂ ಒಟ್ಟಿಗೆ ಕೇಳಿಸಿ. ಬ್ಯಾರೆಟ್‌ಗೆ ಏನಾಯಿತು ಎಂಬುದನ್ನೂ ಮುಚ್ಚಿಡದೆ ಹೇಳಿ.

ಪ್ರಶ್ನೆ: ನಾನು ಶಾಸ್ತ್ರೀಯ ಸಂಗೀತ ಕೇಳುವವನು. ಗೆಳೆಯನೊಬ್ಬ ಇಪ್ಪತ್ತಮೂರು ನಿಮಿಷದ ರಾಕ್ ಹಾಡೊಂದನ್ನು ಕೊಟ್ಟು, ಇದೂ ಆಲಾಪನೆಯ ಹಾಗೆಯೇ ಎನ್ನುತ್ತಾನೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ನಿಮ್ಮ ಗೆಳೆಯ ಕೊಟ್ಟದ್ದು 1971ರ 'ಮೆಡಲ್' ಆಲ್ಬಂನ 'ಎಕೋಸ್' ಇರಬೇಕು. ಅದು ಆಲಾಪನೆಯಲ್ಲ. ಆಲಾಪನೆಯಲ್ಲಿ ಒಂದು ರಾಗ ಒಬ್ಬರ ಮನೋಧರ್ಮದಲ್ಲಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ನಾಲ್ವರು ಒಬ್ಬರಿಗಾಗಿ ಒಬ್ಬರು ಕಾಯುತ್ತಾರೆ. ಕಾಯುವುದೇ ಇದರ ಸೊಗಸು.

ಶುರುವಿಗೆ ಒಂದು ಹನಿ ಬಿದ್ದಂಥ ಸದ್ದಿದೆ. ರೈಟ್ ಪಿಯಾನೊದ ಮೇಲಿನ ಸ್ವರವೊಂದನ್ನು ಒತ್ತಿ, ಅದನ್ನು ಒಳಗೇ ಗಿರಗಿರನೆ ತಿರುಗುವ ಲೆಸ್ಲಿ ಸ್ಪೀಕರಿನ ಮೂಲಕ ಹಾಯಿಸಿದ್ದಾರೆ. ಸ್ವರ ಒಂದೇ, ಆದರೆ ತಿರುಗುವ ಸ್ಪೀಕರಿನಿಂದಾಗಿ ಅದು ನೀರಿನಡಿಯಿಂದ ಎದ್ದು ಬಂದಂತೆ ನಡುಗುತ್ತದೆ. ಆ ದಿನಗಳಲ್ಲಿ ಅವರ ಬಳಿ ಹಾಡು ಎನ್ನುವಂಥದ್ದೇ ಇರಲಿಲ್ಲ. ಬಿಡಿ ಬಿಡಿ ತುಣುಕುಗಳನ್ನು ಮುದ್ರಿಸಿ 'ಏನೂ ಇಲ್ಲ' ಎಂಬರ್ಥದ ಹೆಸರಿಟ್ಟು ಒಂದು, ಎರಡು ಎಂದು ಇಪ್ಪತ್ತನಾಲ್ಕರವರೆಗೆ ಸಂಖ್ಯೆ ಕೊಟ್ಟಿದ್ದರು. ಆ ಒಂದು ಹನಿಯ ಸುತ್ತ ಉಳಿದದ್ದೆಲ್ಲ ಹೆಪ್ಪುಗಟ್ಟಿತು. ನಡುವೆ ಹಕ್ಕಿಯೋ ತಿಮಿಂಗಿಲವೋ ಕೂಗಿದಂತೆ ಒಂದು ಚೀತ್ಕಾರ ಬರುತ್ತದೆ, ಅದು ಬ್ಯಾರೆಟ್ ಜಾಗ ತುಂಬಿದ ಡೇವಿಡ್ ಗಿಲ್ಮೋರ್ ಅವರ ಗಿಟಾರ್. ಗಿಟಾರಿನ ನಾದವನ್ನು ಕಾಲಿನಿಂದ ಒತ್ತಿ ಬದಲಿಸುವ ವಾ-ವಾ ಪೆಡಲ್‌ಗೆ ಕೇಬಲ್‌ಗಳನ್ನು ತಿರುಗುಮುರುಗಾಗಿ ಚುಚ್ಚಿದಾಗ ಹುಟ್ಟುವ ಸದ್ದು. ತಪ್ಪಾದ ಜೋಡಣೆಯನ್ನು ಸರಿಪಡಿಸದೆ, ಅದರೊಳಗೆ ಏನಿದೆ ಎಂದು ನೋಡುವ ತಾಳ್ಮೆ ಅವರಿಗಿತ್ತು.

ಅದೇ 1971ರ ಅಕ್ಟೋಬರ್‌ನಲ್ಲಿ ಇಟಲಿಯ ಪಾಂಪೆಯ ಪ್ರಾಚೀನ ಬಯಲು ರಂಗಮಂದಿರದಲ್ಲಿ ಒಬ್ಬ ಪ್ರೇಕ್ಷಕನೂ ಇಲ್ಲದೆ ಈ ಹಾಡನ್ನು ನುಡಿಸಿದ ಚಿತ್ರೀಕರಣವಿದೆ. ಕಲ್ಲಿನ ಮೆಟ್ಟಿಲು, ಬಿಸಿಲು, ನಾಲ್ವರು. ಕೇಳುವುದಕ್ಕೆ ಮೊದಲು ನೋಡಬೇಕೆನಿಸಿದರೆ ಅದರಿಂದ ಶುರುಮಾಡಿ.

ಅವರ ಎಲ್ಲ ದೀರ್ಘ ರಚನೆಗಳೂ ಹೀಗಿವೆ ಎಂದು ಹೇಳಲಾರೆ. ಹಿಂದಿನ ವರ್ಷದ 'ಆ್ಯಟಮ್ ಹಾರ್ಟ್ ಮದರ್' ಕಹಳೆ, ಮೇಳಗಾಯನ ಎಲ್ಲವನ್ನೂ ಹೊತ್ತು ಏದುಸಿರು ಬಿಡುತ್ತದೆ. ಅದನ್ನು ಆಮೇಲೆ ಕೇಳಿದರೂ ನಡೆಯುತ್ತದೆ.

ಪ್ರಶ್ನೆ: ವಾಟರ್ಸ್ ದೊಡ್ಡವರೋ, ಗಿಲ್ಮೋರ್ ದೊಡ್ಡವರೋ? ನಮ್ಮ ಗೆಳೆಯರ ಗುಂಪು ಇದೇ ವಿಷಯಕ್ಕೆ ಎರಡು ಹೋಳಾಗಿದೆ.

ಉತ್ತರ: ಆ ತಂಡವೂ ಅದೇ ವಿಷಯಕ್ಕೆ ಹೋಳಾಯಿತು. ವಾಟರ್ಸ್ 1985ರಲ್ಲಿ ಹೊರಟರು, ತಂಡದ ಹೆಸರು ಯಾರದ್ದೆಂಬ ಜಗಳಕ್ಕೆ ವಕೀಲರು ಬಂದರು. ಅದರ ವಿವರಕ್ಕೆ ಈ ಅಂಕಣದಲ್ಲಿ ಜಾಗ ಕೊಡಲು ನನಗೆ ಮನಸ್ಸಿಲ್ಲ.

ನೀವು ಜಗಳ ಬಿಟ್ಟು ರೈಟ್ ಅವರ ಕಡೆ ಕಿವಿ ತಿರುಗಿಸಿ. 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ಅವರ ರಚನೆ. ಪಿಯಾನೊ ಸಾಗುತ್ತಿದೆ, ಮಾತಿಲ್ಲ, ಏನೋ ಒಂದು ಬೇಕು. 1973ರ ಜನವರಿಯ ಒಂದು ಭಾನುವಾರ ಕ್ಲೇರ್ ಟೋರಿ ಎಂಬ ಯುವ ಗಾಯಕಿಯನ್ನು ಅಬೆ ರೋಡ್ ಸ್ಟುಡಿಯೊಗೆ ಕರೆಸಿದರು. ಸಾಹಿತ್ಯವಿಲ್ಲ, ಸ್ವರಲಿಪಿಯೂ ಇಲ್ಲ. ಮೊದಲು ಅವರು ಸಣ್ಣಪುಟ್ಟ ಪದಗಳನ್ನು ಸೇರಿಸಿ ಹಾಡಿ ನೋಡಿದರು. ಪದ ಬೇಡ ಎಂದರು. ಹಾಗಾದರೆ ನಾನೇ ಒಂದು ವಾದ್ಯ ಎಂದುಕೊಂಡು ಟೋರಿ ಮತ್ತೆ ಮೈಕ್ ಮುಂದೆ ನಿಂತರು. ಸಾವಿನ ಮುಂದೆ ನಿಂತ ಜೀವ ಮೊದಲು ಕೂಗಿ, ಹೋರಾಡಿ, ಕೊನೆಗೆ ಮೆಲ್ಲನೆ ಒಪ್ಪಿಕೊಳ್ಳುವುದು ಆ ಕಂಠದಲ್ಲಿದೆ. ಎರಡು ಮೂರು ಸಲ ಹಾಡಿದ್ದರಲ್ಲೇ ಎಲ್ಲ ಮುಗಿಯಿತು. ಅತಿಯಾಯಿತೇನೋ ಎಂಬ ಮುಜುಗರದಲ್ಲೇ ಅವರು ಹೊರಟರು. ಕೈಗೆ ಬಂದದ್ದು 30 ಪೌಂಡ್, ಅದೂ ಭಾನುವಾರವೆಂದು ದುಪ್ಪಟ್ಟು ದರ. 2004ರಲ್ಲಿ ಅವರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ರಾಜಿಯಾಗಿ, ಅಂದಿನಿಂದ ರಚನಕಾರರ ಜಾಗದಲ್ಲಿ ರೈಟ್ ಅವರ ಹೆಸರಿನ ಜೊತೆ ಅವರ ಹೆಸರೂ ಬರುತ್ತಿದೆ. ಮೂವತ್ತು ವರ್ಷ ತಡವಾಗಿ ಬಂದ ಆ ಒಂದು ಹೆಸರಿನ ಸಾಲು ನನಗೆ ಯಾವ ಪ್ರಶಸ್ತಿಗಿಂತ ದೊಡ್ಡದು. ಮೈಕಿನ ಮುಂದೆ ಒಂದು ದಿನ ನಿಂತು ಹೋದ ಎಷ್ಟು ದನಿಗಳಿಗೆ ಹೆಸರೇ ಇಲ್ಲ ಎಂಬುದನ್ನು ನನ್ನ ಕೆಲಸದಲ್ಲಿ ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ಗಿಲ್ಮೋರ್ ಅವರ ಗಿಟಾರಿನ ನಾದ ನನಗೂ ಬೇಕು. ಯಾವ ಉಪಕರಣ ಕೊಳ್ಳಲಿ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಅವರು ಒಂದು ಸ್ವರವನ್ನು ಎಳೆದು ಬಿಟ್ಟು, ಅದು ಪೂರ್ತಿ ಆರುವವರೆಗೆ ಮುಂದಿನದಕ್ಕೆ ಕೈ ಹಾಕುವುದಿಲ್ಲ. ನಿಮ್ಮ ಬಳಿ ಇರುವ ಗಿಟಾರಿನಲ್ಲೇ ಅದನ್ನು ಮೊದಲು ರೂಢಿಮಾಡಿ.

ಪ್ರಶ್ನೆ: ಬ್ಯಾರೆಟ್ ಹೋದರು, ರೈಟ್ ಹೋದರು, ತಂಡವೂ ಇಲ್ಲ. ಅಂಗಿಯ ಮೇಲಿನ ಚಿತ್ರವನ್ನು ಬಿಟ್ಟರೆ ಇನ್ನೇನು ಉಳಿದಿದೆ? ನಾನು ಸಿನಿಕತನದಿಂದ ಕೇಳುತ್ತಿಲ್ಲ, ನಿಜಕ್ಕೂ ತಿಳಿಯಬೇಕು.

ಉತ್ತರ: ಲೆಕ್ಕದಲ್ಲಿ ಹೇಳುವುದಾದರೆ ಬೇಕಾದಷ್ಟಿದೆ. 'ಡಾರ್ಕ್ ಸೈಡ್' 1973ರಿಂದ 1988ರವರೆಗಿನ ಅವಧಿಯಲ್ಲಿ ಜನಪ್ರಿಯ ಆಲ್ಬಂಗಳ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 741 ವಾರ ಇತ್ತು. 1988ರಲ್ಲಿ ಸೋವಿಯತ್ ಗಗನಯಾತ್ರಿಗಳು ಇವರ ಕ್ಯಾಸೆಟ್ಟನ್ನು ಬಾಹ್ಯಾಕಾಶಕ್ಕೆ ಒಯ್ದರು. 2017ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಇವರ ಬಗ್ಗೆ ದೊಡ್ಡ ಪ್ರದರ್ಶನ ಏರ್ಪಡಿಸಿತು. 2022ರಲ್ಲಿ ಯುಕ್ರೇನ್‌ಗಾಗಿ ಗಿಲ್ಮೋರ್ ಮತ್ತು ಮೇಸನ್ ಅದೇ ಹೆಸರಿನಲ್ಲಿ ಮತ್ತೆ ಒಂದು ಹಾಡು ಮಾಡಿದರು. ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಇನ್ನೊಂದು: 2018ರಿಂದ ಮೇಸನ್ ಬೇರೆ ಗೆಳೆಯರನ್ನು ಕೂಡಿಕೊಂಡು ಬ್ಯಾರೆಟ್ ಕಾಲದ ಹಾಡುಗಳನ್ನು ವೇದಿಕೆಗೆ ತಂದರು. ಎಪ್ಪತ್ತು ದಾಟಿದ ಮನುಷ್ಯ ತನ್ನ ಇಪ್ಪತ್ತಮೂರನೆಯ ವಯಸ್ಸಿನ ತಾಳಗಳನ್ನು ಮತ್ತೆ ಕೈಗೆತ್ತಿಕೊಂಡರು.

ಇನ್ನು ಲೆಕ್ಕಕ್ಕೆ ಸಿಗದ್ದು. 1975ರ ಜೂನ್ 5ರಂದು ಅಬೆ ರೋಡ್‌ನಲ್ಲಿ 'ಶೈನ್ ಆನ್ ಯು ಕ್ರೇಜಿ ಡೈಮಂಡ್'ನ ಕೆಲಸ ನಡೆಯುತ್ತಿತ್ತು. ಅಭ್ಯಾಸದ ವೇಳೆ ಗಿಲ್ಮೋರ್ ಸುಮ್ಮನೆ ನುಡಿಸಿದ ನಾಲ್ಕು ಸ್ವರಗಳನ್ನು ಕೇಳಿ ವಾಟರ್ಸ್‌ಗೆ ಬ್ಯಾರೆಟ್ ನೆನಪಾಗಿ ಹುಟ್ಟಿದ ಹಾಡು ಅದು. ಆಲ್ಬಂನಲ್ಲಿ ಆ ನಾಲ್ಕು ಸ್ವರ ಬರುವುದು ಸುಮಾರು ನಾಲ್ಕನೇ ನಿಮಿಷಕ್ಕೆ, ಸುತ್ತಲೂ ಏನೂ ಇಲ್ಲದ ಜಾಗದಲ್ಲಿ. ಹಾಡುವ ದನಿ ಬರುವುದಕ್ಕೆ ಎಂಟು ನಿಮಿಷ ದಾಟಬೇಕು. ಆ ದಿನ ಸ್ಟುಡಿಯೊಗೆ ತಲೆ, ಹುಬ್ಬು ಎರಡನ್ನೂ ಬೋಳಿಸಿಕೊಂಡ ದಪ್ಪನೆಯ ಮನುಷ್ಯನೊಬ್ಬ ಬಂದು ನಿಂತಿದ್ದರು. ಯಾರೋ ಕೆಲಸದವರಿರಬೇಕು ಎಂದುಕೊಂಡರು. ಬಹಳ ಹೊತ್ತಿನ ಬಳಿಕ ಗುರುತು ಹತ್ತಿತು: ಬ್ಯಾರೆಟ್. ತಮ್ಮ ಮೇಲೇ ಬರೆದ ಹಾಡನ್ನು ಅವರು ಕೇಳಿದರು. ಗೆಳೆಯರ ಕಣ್ಣು ತುಂಬಿತು. ಆಮೇಲೆ ಬ್ಯಾರೆಟ್ ಕೇಂಬ್ರಿಜ್‌ನಲ್ಲಿ ಚಿತ್ರ ಬಿಡಿಸುತ್ತ, ತೋಟ ನೋಡಿಕೊಳ್ಳುತ್ತ ಬಾಳಿದರು. ಅವರ ಹಾಡುಗಳ ಹಣ ಅವರಿಗೆ ಸರಿಯಾಗಿ ತಲುಪುವಂತೆ ಗಿಲ್ಮೋರ್ ಕಾಳಜಿ ವಹಿಸಿದರು. 2005ರ ಜುಲೈ 2ರಂದು ಹೈಡ್ ಪಾರ್ಕಿನಲ್ಲಿ ವಾಟರ್ಸ್, ಗಿಲ್ಮೋರ್, ಮೇಸನ್, ರೈಟ್ ನಾಲ್ವರೂ 24 ವರ್ಷಗಳ ನಂತರ ಒಂದೇ ವೇದಿಕೆಯ ಮೇಲೆ ನಿಂತಾಗ ವಾಟರ್ಸ್ ಮೈಕಿನಲ್ಲಿ ನೆನೆದದ್ದು ಸಿಡ್ ಅವರನ್ನು. ಮರುವರ್ಷ ಜುಲೈ 7ರಂದು ಬ್ಯಾರೆಟ್ ತೀರಿಕೊಂಡರು.

ಏನು ಉಳಿದಿದೆ ಎಂದು ನೀವು ಕೇಳಿದಿರಿ. ಅದೇ 1975ರ ಆಲ್ಬಂನ 'ವಿಶ್ ಯು ವರ್ ಹಿಯರ್' ಹಾಕಿ, ಹೆಡ್‌ಫೋನ್ ಹಾಕಿಕೊಂಡು ಮೊದಲ ಒಂದು ನಿಮಿಷ ಮಾತ್ರ ಕೇಳಿ. ಯಾರೋ ರೇಡಿಯೊದ ಗುಂಡಿ ತಿರುಗಿಸುತ್ತಿದ್ದಾರೆ. ಬಂದು ಹೋಗುವ ಮಾತು, ಎಲ್ಲಿಂದಲೋ ಒಂದೆಳೆ ವಾದ್ಯವೃಂದ, ಮತ್ತೆ ಗರಗರ. ಅದು ಗಿಲ್ಮೋರ್ ಅವರ ಕಾರಿನ ರೇಡಿಯೊದಿಂದ ಮುದ್ರಿಸಿದ್ದು. ಆಮೇಲೆ ಅದೇ ಸಣ್ಣ ರೇಡಿಯೊದೊಳಗಿಂದ ಎನ್ನುವಂತೆ ಒಂದು ಗಿಟಾರ್ ತೆಳ್ಳಗೆ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಿಟಾರ್ ಅದಕ್ಕೆ ಜೊತೆ ನುಡಿಸಲು ಶುರುಮಾಡುತ್ತದೆ. ಅದು ರೇಡಿಯೊದೊಳಗಿನದಲ್ಲ, ನೀವು ಕುಳಿತ ಕೋಣೆಯಲ್ಲೇ ಯಾರೋ ಗಿಟಾರ್ ಎತ್ತಿಕೊಂಡಂತೆ ತೀರಾ ಹತ್ತಿರದ್ದು.

ಆ ಎರಡನೆಯ ಗಿಟಾರಿಗೆ ಮೊದಲು ಒಂದು ಕೆಮ್ಮು, ಹಿಂದೆಯೇ ಒಂದು ಉಸಿರು ಕೇಳಿಸುತ್ತದೆ. ಗಿಲ್ಮೋರ್ ಅವರದ್ದು. ಇಂಥದ್ದನ್ನು ಕೊಯ್ದು ತೆಗೆಯಬೇಕು ಎಂದು ನಮಗೆ ಮೊದಲ ವಾರವೇ ಕಲಿಸಿದ್ದರು, ಮೂವತ್ತು ವರ್ಷ ನಾನು ಹಾಗೆಯೇ ಮಾಡಿದೆ. ಅಬೆ ರೋಡ್‌ನಲ್ಲಿ ಬ್ಲೇಡ್ ಹಿಡಿದವರು ಅದನ್ನು ಅಲ್ಲೇ ಬಿಟ್ಟರು.